ಐಝಾಳಿಗೆ ಒಂದು ತಲೆ ಕಮ್ಮಿ

ಮಂಗಳವಾರ ಮಧ್ಯಾಹ್ನ ಬಾಟೀಮಾ ಫೋನು ಮಾಡಿ, "ನಿನ್ನ ಮದುವೆ ಮುರಿದುಬಿತ್ತು ಕಣೇ," ಎಂದಾಗ ಕಮ್ಶಾತ್ ಸ್ಟೂಲಿನ ಮೇಲೆ ನಿಂತು ಅಡುಗೆಮನೆಯ ಗೋಡೆಗೆ ಒಂದು ನದಿಯನ್ನು ಅಂಟಿಸುತ್ತಿದ್ದಳು.

"ಯಾವ ಮದುವೆ?"

"ನಿನಗೆ ಬೇರೆ ಯಾವುದಿದೆ ಮಾರಾಯ್ತಿ? ಐಝಾಳದ್ದು. ಸೇಯ್ತ್‌ಕಾಲಿ ಮಾವ ಬೆಳಿಗ್ಗೆಯಿಂದ ಬೆರಳು ಮಡಚಿ ಮಡಚಿ ಎಣಿಸ್ತಾ ಕೂತಿದಾರೆ. ಊಟಕ್ಕೂ ಎದ್ದಿಲ್ಲ. ಬೇಗ ಬಾ."

ಐಝಾ ಕಮ್ಶಾತಳ ಕಾದಂಬರಿಯ ನಾಯಕಿ. ಬಾಟೀಮಾ ಆ ಕಾದಂಬರಿಯ ಪ್ರಕಾಶಕಿ. ಸೇಯ್ತ್‌ಕಾಲಿ ಅವಳಲ್ಲಿ ಕರಡು ತಿದ್ದುವ ಮುದುಕ. ನಲವತ್ತು ವರ್ಷ ರೈಲಿನ ವೇಳಾಪಟ್ಟಿ ತಿದ್ದಿದವರು. ತಪ್ಪು ಅಂಕಿ ಕಂಡರೆ ಅವರಿಗೆ ಹಲ್ಲುನೋವು ಬಂದ ಹಾಗೆ.

ಕಮ್ಶಾತ್ ಸ್ಟೂಲಿನಿಂದ ಇಳಿದಳು. ಕಾಗದದ ನದಿ ಒಂದು ಕಡೆಯಷ್ಟೇ ಅಂಟಿ ಜೋತಾಡಿತು.

ಆರು ವರ್ಷದಿಂದ ಅವಳು ಅಲ್ಕೆನ್ ಎಂಬ ನಾಡನ್ನು ಕಟ್ಟುತ್ತಿದ್ದಳು. ಅಲ್ಕೆನ್‌ನಲ್ಲಿ ಜನ ನೆಲ ಹಂಚಿಕೊಳ್ಳುವುದಿಲ್ಲ, ಗಾಳಿ ಹಂಚಿಕೊಳ್ಳುತ್ತಾರೆ. ಕುಲಕ್ಕೊಂದು ಗಾಳಿ. ಹುಲ್ಲು ಒಣಗುವುದು, ಮೋಡ ಬರುವುದು, ಒಲೆ ಹತ್ತುವುದು ಎಲ್ಲ ಅದರಿಂದಲೇ. ಆ ಗಾಳಿ ರಕ್ತದಲ್ಲಿ ಹರಿದು ಬರುವಂಥದ್ದು. ಹಾಗಾಗಿ ಗಂಡು ಹೆಣ್ಣು ಇಬ್ಬರಲ್ಲಿ ಒಬ್ಬರಿಗಾದರೂ, ತಂದೆಯಿಂದ ಹಿಂದಕ್ಕೆ ಏಳು ತಲೆಯೊಳಗೆ, ಇಬ್ಬರಿಗೂ ಸೇರಿದ ಹಿರಿಯ ಸಿಕ್ಕಿದರೆ ಅವರು ಮದುವೆಯಾಗುವಂತಿಲ್ಲ. ಹಾಗೇನಾದರೂ ಆದರೆ ಎರಡು ಗಾಳಿ ಡಿಕ್ಕಿ ಹೊಡೆದು ನಾಡೇ ಉಸಿರುಗಟ್ಟುತ್ತದೆ. ಏಳು ತಲೆಯ ಕಟ್ಟಳೆಯನ್ನು ಅವಳೇನೂ ಕಲ್ಪಿಸಿದ್ದಲ್ಲ. ಅಲ್ಮಾಟಿಯಲ್ಲಿ ಯಾವ ಮನೆಯ ಬಾಗಿಲು ತಟ್ಟಿದರೂ ಅದನ್ನು ಹೇಳುತ್ತಾರೆ. ಗಾಳಿ ಮಾತ್ರ ಅವಳದ್ದು.

ಆ ನಾಡಿನ ದಫ್ತರವೆಲ್ಲ ಅವಳ ಮನೆಯಲ್ಲಿತ್ತು. ಒಂದು ಗ್ರಂಥಾಲಯ ಮುಚ್ಚಿದಾಗ ಎಸೆಯಲಿಕ್ಕಿಟ್ಟ ಚೀಟಿಪೆಟ್ಟಿಗೆಯನ್ನು ಅವಳು ಹೊತ್ತು ತಂದಿದ್ದಳು. ಹಿತ್ತಾಳೆ ಹಿಡಿಯ ಇಪ್ಪತ್ತನಾಲ್ಕು ಸಣ್ಣ ಡ್ರಾಯರುಗಳು. ಹಳೆಯ ಚೀಟಿಗಳ ಮುಂಭಾಗದಲ್ಲಿ ಟ್ರಾಕ್ಟರ್ ದುರಸ್ತಿಯ, ಬೀಟ್‌ರೂಟ್ ಬೇಸಾಯದ ಪುಸ್ತಕಗಳ ಹೆಸರು. ಹಿಂಭಾಗದಲ್ಲಿ ಅವಳ ಅಲ್ಕೆನ್. ಒಂದು ಡ್ರಾಯರಿಗೆ ಗಾಳಿ ಎಂದು ಹೆಸರು, ಒಂದಕ್ಕೆ ಉಪ್ಪು, ಒಂದಕ್ಕೆ ಬೈಗುಳ, ಒಂದಕ್ಕೆ ಸತ್ತವರು. ಎಲ್ಲಕ್ಕೂ ಚೀಟಿ ಇತ್ತು. ವಂಶವೃಕ್ಷವೊಂದನ್ನು ಮಾತ್ರ ಅವಳು ಕಟ್ಟಕಡೆಗೆ, ಹೋದ ವಾರ, ಬಾಟೀಮಾ ಬೈದ ಮೇಲೆ ಬರೆದುಕೊಟ್ಟಿದ್ದಳು.

*

ಸೇಯ್ತ್‌ಕಾಲಿ ಆ ವಂಶವೃಕ್ಷವನ್ನು ಬಾಟೀಮಾಳ ಕಚೇರಿಯ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ನಾಲ್ಕು ಚಹಾ ಬಟ್ಟಲು ಹೇರಿ ಕೂತಿದ್ದರು. ಕೆಳಗಿನ ಮಹಡಿಯಲ್ಲಿ ಅಚ್ಚಿನ ಯಂತ್ರ ಓಡುತ್ತಿದ್ದುದರಿಂದ ಬಟ್ಟಲುಗಳು ಸಣ್ಣಗೆ ನಡುಗುತ್ತಿದ್ದವು.

"ಕೂತ್ಕೋ ಮಗಳೇ. ಮೊದಲು ಗಂಡಿನ ಕಡೆ." ಅವರು ಮದುಮಗ ತೋರ್ಕಾನ ಹಿರಿಯರನ್ನು ಒಬ್ಬೊಬ್ಬರಾಗಿ ಹೆಸರಿಸಿ ಬೆರಳು ಮಡಚಿದರು. "ಎಂಟನೇ ಬೆರಳಿಗೆ ಕೆರ್ಬೆಸ್ ಸಿಕ್ಕ. ಸಂತೋಷ. ಈಗ ಹುಡುಗಿ ಕಡೆ. ಬೋರಿ, ಸಾನಾಕ್, ಒತೇನ್, ಝಾದಿಕ್, ಕುರ್ಮಾಶ್, ತೇಲಿ, ಕೆರ್ಬೆಸ್." ಅವರು ಎರಡೂ ಕೈಯನ್ನು ಅವಳ ಮುಖದ ಮುಂದೆ ಹಿಡಿದರು. "ಏಳು. ನೋಡು, ಮೂರು ಬೆರಳು ಇನ್ನೂ ನೆಟ್ಟಗೆ ನಿಂತಿವೆ. ಒಂದೇ ಅಜ್ಜನ ಮಕ್ಕಳು. ನಿನ್ನ ಗಾಳಿ ನಿಂತ್ಹೋಗತ್ತೆ."

"ಒಂದೇ ಒಂದು ತಲೆ ಮಾವ. ಕಥೆ ತಾನೆ."

"ಕಥೆ. ಒಂದೇ ಒಂದು ತಲೆ ಕಮ್ಮಿ ಬಿತ್ತು ಅಂತ ನಾಲ್ಕನೇ ಅಧ್ಯಾಯದಲ್ಲಿ ಇಬ್ಬರನ್ನ ಬಂಡೆ ಮೇಲಿಂದ ತಳ್ಳಿಸಿದೀಯಲ್ಲಮ್ಮ. ಅವರೂ ಏಳನೇ ತಲೆಗೇ ಸಿಕ್ಕಿಬಿದ್ದೋರು. ಆವಾಗ ಕಥೆ ಅನ್ನಿಸ್ಲಿಲ್ವಾ?"

ಆ ಅಧ್ಯಾಯ ಬರೆದ ದಿನ ಕಮ್ಶಾತ್ ಎರಡು ತಟ್ಟೆ ಊಟ ಮಾಡಿದ್ದಳು.

"ಆ ಅಧ್ಯಾಯ ತಿದ್ದೋಣ ಅಂದ್ರೆ ಅದು ಕೆಳಗೆ ಕಟ್ಟು ಕಟ್ಟಿ ಇಟ್ಟಾಗಿದೆ," ಎಂದಳು ಬಾಟೀಮಾ. "ಹದಿನಾರು ಪುಟಕ್ಕೊಂದರಂತೆ ಹದಿನೆಂಟು ಫಾರಂ ಅಚ್ಚಾಗಿಹೋಯ್ತು. ಉಳಿದಿರೋದು ಎರಡು, ಕೊನೆ ಮೂರು ಅಧ್ಯಾಯ ಮತ್ತೆ ಈ ವಂಶವೃಕ್ಷ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಯಂತ್ರ ನಮಗೆ ಸಿಗತ್ತೆ. ತಪ್ಪಿದ್ರೆ ಶಾಲೆ ಪುಸ್ತಕ ಶುರುವಾಗತ್ತೆ, ಆಮೇಲೆ ನಿನ್ನ ಹದಿನೆಂಟು ಫಾರಂ ಇಲ್ಲೇ ಇಲಿಗೆ."

"ವಂಶವೃಕ್ಷ ಹಾಕದೇ ಇದ್ರೆ?"

"ಅಚ್ಚಾಗಿಹೋಗಿರೋ ಒಂಬತ್ತನೇ ಅಧ್ಯಾಯದಲ್ಲಿ ಐಝಾ ಎಲ್ಲರ ಹೆಸರೂ ಬಾಯಿಪಾಠ ಒಪ್ಪಿಸ್ತಾಳೆ," ಎಂದರು ಸೇಯ್ತ್‌ಕಾಲಿ. "ನಾನೊಬ್ಬನೇ ಏನು ಬೆರಳಿರೋನು? ಈ ಪುಸ್ತಕ ಓದೋ ಪ್ರತಿ ಅತ್ತೆ, ಪ್ರತಿ ಚಿಕ್ಕಮ್ಮ ಎಣಿಸ್ತಾಳೆ."

"ಮದುವೆ ಬೇಡ. ಇಬ್ಬರೂ ಕೈ ಕುಲುಕಿ ಮನೆಗೆ ಹೋಗ್ಲಿ," ಎಂದಳು ಬಾಟೀಮಾ.

ಹಗೆಯ ಎರಡು ಮನೆತನಗಳ ಈ ಮದುವೆಯಾದರೇ ನಿಂತ ಗಾಳಿ ಮತ್ತೆ ಬೀಸುವುದು. ಅದಕ್ಕಾಗಿಯೇ ಆರು ವರ್ಷ. ಇದನ್ನು ಮತ್ತೆ ಹೇಳಲು ಕಮ್ಶಾತಳಿಗೆ ನಾಚಿಕೆಯಾಯಿತು.

*

ಬುಧವಾರವಿಡೀ ಅವಳು ಚೀಟಿ ದಾರಗಳ ನಕ್ಷೆಯಿದ್ದ ಗೋಡೆಯ ಮುಂದೆ ಅತ್ತಿಂದಿತ್ತ ನಡೆದಳು. ಕೂತರೆ ಎದ್ದಳು, ಎದ್ದರೆ ಕೂತಳು. ಕುರ್ಮಾಶನಿಗೂ ತೇಲಿಗೂ ನಡುವೆ ಒಬ್ಬನನ್ನು ತೂರಿಸಿ ನೋಡಿದಳು. ಇಪ್ಪತ್ತೈದು ವರ್ಷ ಜಾರಿ, ಉಪ್ಪಿನ ಯುದ್ಧ ನಡೆಯುವಾಗ ಅದರ ಸೇನಾಪತಿಗೆ ಮೂರು ವರ್ಷ ವಯಸ್ಸಾಯಿತು. ಕೆರ್ಬೆಸನಿಗೆ ಒಬ್ಬ ತಮ್ಮನನ್ನು ಕೊಟ್ಟು ತೋರ್ಕಾನನ್ನು ಆ ಕಡೆ ದಾಟಿಸಿದಳು. ದಾಟಿಸಿದ ಮೇಲೆ ತೋರ್ಕಾ ಹಗೆಯವನೇ ಆಗಲಿಲ್ಲ, ಹಗೆಯಿಲ್ಲದೆ ಕಥೆಯೇ ಇಲ್ಲ. ಒಂದು ದಾರ ಎಳೆದರೆ ಹತ್ತು ಚೀಟಿ ನೆಲಕ್ಕೆ ಬೀಳುತ್ತಿದ್ದವು. ಇಲ್ಲದ ನಾಡಿನಲ್ಲಿ ಇಷ್ಟೊಂದು ಗೋಡೆಗಳನ್ನು ಯಾರು ಕಟ್ಟಿದರೋ ಎಂದು ಅವಳು ಬೇರೆ ಯಾರನ್ನೋ ಬೈಯುವಂತೆ ಬೈದುಕೊಂಡಳು.

"ಹಾಲಿಗೆ ಹೆಪ್ಪು ಹಾಕೋಕೆ ಬಟ್ಟಲಿಲ್ಲ," ಎಂದಳು ಅಜೆ. "ಎಲ್ಲದರಲ್ಲೂ ಗುಂಡುಪಿನ್ನು."

ಅಜೆ ಅವಳ ತಂದೆಯ ತಾಯಿ; ಹೆತ್ತ ಮಕ್ಕಳೂ ಅವಳನ್ನು ಅಜೆ ಎಂದೇ ಕರೆಯುತ್ತಿದ್ದರು. ಮನೆಯ ಲೆಕ್ಕದಲ್ಲಿ ಮಾತ್ರ ಕಮ್ಶಾತ್ ಮೊಮ್ಮಗಳಲ್ಲ, ಕಿರಿಮಗಳು. ಹಿರಿಮಗನ ಚೊಚ್ಚಲ ಕೂಸನ್ನು ಮುದುಕರು ಮಡಿಲಿಗೆ ಹಾಕಿಕೊಳ್ಳುವುದು ನಡೆದುಬಂದ ಪದ್ಧತಿ. ಹಾಲು ಬಿಟ್ಟ ವಾರವೇ ಅವಳನ್ನು ಈ ಆರನೇ ಮಹಡಿಗೆ ತಂದರು. ತಾತ ಮೂಸಾಖಾನನನ್ನು ಅವಳು ಅಪ್ಪ ಎಂದು ಕರೆದಳು. ಹೆತ್ತ ಬೆಕ್ತಾಸನನ್ನು ಎಲ್ಲ ಕಿರಿಯರ ಹಾಗೆ ಅಗಾ ಎಂದಳು, ಅಣ್ಣ ಎಂದ ಹಾಗೆ. ಹೆತ್ತವಳು ಅತ್ತಿಗೆಯಾದಳು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಬೆಕ್ತಾಸ್ ಇದೇ ಊರಿನ ಇನ್ನೊಂದು ಬಡಾವಣೆಯಲ್ಲಿ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದ. ಹಬ್ಬಕ್ಕೆ ಬಂದು, ಉಂಡು, ಕೈ ಒರೆಸಿಕೊಂಡು ಹೋಗುತ್ತಿದ್ದ. ಮೂಸಾಖಾನ್ ಸತ್ತು ಎರಡು ವರ್ಷವಾಗಿತ್ತು.

ಗುರುವಾರ ಅವನ ಹೆಸರಿನಲ್ಲಿ ಅಜೆ ಏಳು ರೊಟ್ಟಿ ಕರಿಯುವ ದಿನ. ಎಣ್ಣೆಯ ವಾಸನೆ ಸತ್ತವರಿಗೆ ತಲುಪುತ್ತದೆ. ರೊಟ್ಟಿ ಅಕ್ಕಪಕ್ಕದ ಮನೆಗಳಿಗೆ. ಕಮ್ಶಾತ್ ಅದೇ ಮೇಜಿನ ತುದಿಯಲ್ಲಿ ಚೀಟಿ ಹರಡಿಕೊಂಡು ಹಣೆ ಹಿಡಿದು ಕೂತಿದ್ದಳು. ಲಟ್ಟಣಿಗೆ ಹೊರಳಿದಾಗಲೆಲ್ಲ ಕುರ್ಮಾಶನ ಮೇಲೆ ಹಿಟ್ಟು ಉದುರುತ್ತಿತ್ತು.

"ಅಷ್ಟೊಂದು ಜನಾನ ಇಟ್ಕೊಂಡು ಒಬ್ಬ ಕಮ್ಮಿ ಅಂತ ಅಳ್ತೀಯಲ್ಲೇ," ಎಂದಳು ಅಜೆ. "ಯಾರದು ಆ ಹುಡುಗಿ? ಹೆತ್ತಿದ್ಯಾರು?"

"ಬೋರಿ ಮನೇಲಿ ಬೆಳೆದೋಳು."

"ಬೆಳೆದಿದ್ದು ಕೇಳ್ಲಿಲ್ಲ. ಹೆತ್ತಿದ್ದು."

ಕಮ್ಶಾತ್ ಚೀಟಿ ಹುಡುಕಿ ಓದಿದಳು. "ಐಝಾ. ಬೋರಿಯ ಮಡಿಲವಳು."

"ಬೋರಿಗೆ ಎಷ್ಟಾಗಿತ್ತು ಆವಾಗ?"

"ಅರವತ್ತೆರಡು."

"ಹೆಂಡತಿಗೆ?"

"ಅರವತ್ತು."

ಅಜೆ ಲಟ್ಟಣಿಗೆ ಕೆಳಗಿಟ್ಟಳು. ಅವಳು ನಕ್ಕರೆ ಸದ್ದಾಗುವುದಿಲ್ಲ, ಹೊಟ್ಟೆಯೊಂದೇ ಕುಲುಕುತ್ತದೆ. "ಅರವತ್ತಕ್ಕೆ ಹೆತ್ತಳಾ? ನಿಮ್ಮೂರಲ್ಲಿ ಗಾಳೀನೇ ಬಸುರು ಮಾಡತ್ತೇನೋ."

ಕಮ್ಶಾತ್ ಚೀಟಿಯನ್ನು ನೋಡಿದಳು. ಮತ್ತೆ ಮತ್ತೆ ನೋಡಿದಳು. ತಂದೆ ಎಂಬ ಜಾಗದಲ್ಲಿ ಅವಳದೇ ಅಕ್ಷರದಲ್ಲಿ, ಒಂದು ಚಿತ್ತೂ ಇಲ್ಲದೆ, ಬೋರಿ ಎಂದಿತ್ತು. ಪುಸ್ತಕದೊಳಗೆ ಎಲ್ಲಿಯೂ ಅವಳು ಐಝಾಳನ್ನು ಬೋರಿಯ ಮಗಳೆಂದು ಬರೆದಿರಲಿಲ್ಲ; ಮಡಿಲವಳು ಎಂದಷ್ಟೇ ಬರೆದಿದ್ದಳು. ಆರು ವರ್ಷ ಅವಳು ಕೀಟಗಳಿಗೂ ಚೀಟಿ ಬರೆದಳು, ಐಝಾಳನ್ನು ಹೆತ್ತವನಿಗೆ ಬರೆಯಲಿಲ್ಲ. ಏಕೆಂದರೆ ಅವಳಿಗೆ ಎಣಿಕೆ ಶುರುವಾಗುವುದೇ ತಾತನಿಂದ. ಐದು ವರ್ಷದವಳಿದ್ದಾಗ ಬಂದ ನೆಂಟರೆದುರು ಅವಳನ್ನು ನಿಲ್ಲಿಸಿ ನಿನ್ನ ಏಳು ತಲೆ ಹೇಳು ಎಂದರೆ ಅವಳು ಮೂಸಾಖಾನನಿಂದಲೇ ಶುರು ಮಾಡುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

"ಅಜೆ, ನಡುವೆ ಒಬ್ಬ ಇದ್ದಾನೆ," ಎಂದಳು. "ಅವನನ್ನ ಸೇರಿಸಿದ್ರೆ ಎಂಟಾಗತ್ತೆ."

"ಆಗ್ಲಿ," ಎಂದಳು ಅಜೆ, ರೊಟ್ಟಿಯನ್ನು ಎಣ್ಣೆಗೆ ಬಿಡುತ್ತ. ಅವಳ ಹೊಟ್ಟೆ ಕುಲುಕುವುದು ನಿಂತಿತ್ತು.

*

"ಎಷ್ಟು ಸುಲಭ ನೋಡು," ಎಂದಳು ಬಾಟೀಮಾ ಶುಕ್ರವಾರ ಫೋನಿನಲ್ಲಿ. "ಒಂದು ಹೆಸರು ತೂರಿಸು. ಮಗು ಹುಟ್ಟಿದ ವರ್ಷವೇ ಸತ್ತ ಅಂತ ಒಂದು ಸಾಲು ಬರಿ. ಮುಗೀತು."

"ಸಾಯಿಸೋಕಾಗಲ್ಲ. ಸತ್ತವರ ಹೆಸರೆಲ್ಲ ಮೂರು ಕಡೆ ಹಾಡಲ್ಲಿ ಬಂದಿದೆ, ನಲವತ್ತು ಹೆಸರು. ಅದೆಲ್ಲ ಅಚ್ಚಾಗಿಹೋಗಿದೆ. ಅವನ ಹೆಸರು ಅದರಲ್ಲಿಲ್ಲ."

"ಹಾಗಾದ್ರೆ?"

"ಬದುಕಿದಾನೆ."

"ಎಲ್ಲಿದಾನೆ?"

ಅದೇ ಪ್ರಶ್ನೆ. ಬೇರೆ ನಾಡಿಗೆ ಹೋದವರಿಗೂ ಅವಳ ಪೆಟ್ಟಿಗೆಯಲ್ಲಿ ಒಂದು ಡ್ರಾಯರಿತ್ತು, ಅವರ ಹೆಸರೂ ಎರಡನೇ ಅಧ್ಯಾಯದಲ್ಲೇ ಅಚ್ಚಾಗಿತ್ತು. ಅಂದರೆ ಅವನು ಅದೇ ಬೀಡಿನಲ್ಲಿದ್ದಾನೆ. ಐಝಾಳಿಗೆ ಜ್ವರ ಬಂದಾಗ ಇದ್ದಾನೆ. ಅವಳನ್ನು ಬೀಡಿನಿಂದ ಹೊರಗೆ ಹಾಕಿದಾಗ ಇದ್ದಾನೆ. ಯುದ್ಧಕ್ಕೆ ಹೊರಟಾಗ ಇದ್ದಾನೆ. ಹದಿನೆಂಟು ಫಾರಂಗಳುದ್ದಕ್ಕೂ ಕೈಯಳತೆಯಲ್ಲಿ ಒಬ್ಬ ಗಂಡಸು ಬಾಯಿ ಬಿಡದೆ ನಿಂತಿದ್ದಾನೆ. ಅಂಥವನನ್ನು ಓದುಗರ ಮುಂದೆ ಹೇಗೆ ತರುವುದು? ಹೇಡಿಯೆಂದು ಬರೆದು ನೋಡಿದಳು, ಹರಿದಳು. ಮೂಗನೆಂದು ಬರೆದಳು, ಹರಿದಳು. ಶಾಪಗ್ರಸ್ತ ಎಂದು ಬರೆದಾಗ ತನ್ನ ಮೇಲೆಯೇ ಹೇಸಿಗೆಯಾಗಿ ಕೋಟು ಹಾಕಿಕೊಂಡು ಕೆಳಗಿಳಿದು ರಸ್ತೆಯ ಪಕ್ಕದ ಕಾಲುವೆಯುದ್ದಕ್ಕೂ ನಡೆದಳು. ಬೆಟ್ಟದ ಹಿಮ ಕರಗಿದ ನೀರು ಅವಳಿಗಿಂತ ಅವಸರದಲ್ಲಿತ್ತು.

ಶನಿವಾರ ಬೆಳಿಗ್ಗೆ ಎಂಟನೇ ಬಡಾವಣೆಯ ಬಸ್ಸು ಹತ್ತಿದಳು.

*

ಬೆಕ್ತಾಸ್ ಒಂಬತ್ತು ಮಹಡಿಯ ಕಟ್ಟಡವೊಂದರ ಮಾಳಿಗೆಯ ಮೇಲಿನ ಯಂತ್ರದ ಕೋಣೆಯಲ್ಲಿದ್ದ. ಲಿಫ್ಟ್ ಬಿಚ್ಚಿಟ್ಟಿದ್ದರಿಂದ ಅವಳು ಮೆಟ್ಟಿಲು ಹತ್ತಿಯೇ ಹೋದಳು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತವಳನ್ನು ಕಂಡು ಅವನು ಮೊದಲು ಎದ್ದು ನಿಂತ.

"ಅಜೆ ಹೇಗಿದಾರೆ? ಏನಾಯ್ತು?"

"ಏನೂ ಆಗಿಲ್ಲ ಅಗಾ. ಚೆನ್ನಾಗಿದಾಳೆ. ಒಂದು ಮಾತು ಕೇಳ್ಬೇಕಿತ್ತು, ಪುಸ್ತಕಕ್ಕೆ."

"ಪುಸ್ತಕಕ್ಕೆ ನನ್ನ ಹತ್ರ?" ಅವನು ಮಗುಚಿದ ಡಬ್ಬವೊಂದನ್ನು ಒರೆಸಿ ಅವಳ ಕಡೆ ತಳ್ಳಿದ. ಫ್ಲಾಸ್ಕಿನಿಂದ ಹಾಲು ಹಾಕಿದ ಚಹಾ ಬಗ್ಗಿಸಿದ. "ಕೇಳು. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತೀನಿ."

"ಒಬ್ಬ ಇದಾನೆ. ಮೊದಲ ಮಗೂನ ತನ್ನ ತಂದೆ ಮಡಿಲಿಗೆ ಹಾಕಿದೋನು. ಮಗಳು ಕಣ್ಣೆದುರಿಗೇ ಬೆಳೀತಾಳೆ. ಇಪ್ಪತ್ತು ವರ್ಷ ಅವನು ಒಂದು ಮಾತೂ ಆಡಲ್ಲ. ಅವನು ಏನ್ ಮಾಡ್ತಿರ್ತಾನೆ?"

ಬೆಕ್ತಾಸ್ ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡ.

"ಕೆಲಸಕ್ಕೆ ಹೋಗ್ತಾನೆ."

"ಅಷ್ಟು ಸಾಲಲ್ಲ. ಯಾಕೆ ಸುಮ್ಮನಿದ್ದ ಅಂತ ಓದೋರು ಕೇಳ್ತಾರೆ."

"ಅವನಪ್ಪ ಬದುಕಿದಾನಾ?"

"ಇದಾನೆ. ಹೆಚ್ಚುಕಮ್ಮಿ ಕೊನೆವರೆಗೂ."

"ಮತ್ತೆ ಕೇಳೋದೇನಿದೆ. ಹೆತ್ತ ತಂದೆ ಎದುರಿಗೆ ತನ್ನ ಮಗೂನ ಎತ್ತಿ ಮುದ್ದಾಡ್ತಾರಾ? ನಾಚಿಕೆ ಬೇಡ್ವಾ. ಅದರಲ್ಲೂ ಕೊಟ್ಟುಬಿಟ್ಟ ಮಗೂನ." ಅವನು ಚಹಾ ಕುಡಿದ. "ಓದೋರಿಗೆ ಇದು ಗೊತ್ತಿರಲ್ವಾ?"

"ಗೊತ್ತಿರತ್ತೆ. ಆದ್ರೂ ಕೇಳ್ತಾರೆ."

ಅವನು ಎದ್ದು ಮೋಟರಿನ ಹತ್ತಿರ ಹೋಗಿ ಏನೋ ಮುಟ್ಟಿ ನೋಡಿದ. ಮಾತು ಅಲ್ಲಿಂದಲೇ ಬಂತು, ಬೆನ್ನು ತಿರುಗಿಸಿಯೇ.

"ನಿಮ್ಮ ಕಟ್ಟಡದ ಲಿಫ್ಟು ಒಂದೆರಡು ವರ್ಷ ನನ್ನ ಪಾಳಿಯಲ್ಲಿತ್ತು. ನಿನಗೆ ನಾಲ್ಕು ವರ್ಷ. ಅಜೆ ನಿನ್ನ ಅಂಗಳಕ್ಕೆ ಆಡೋಕೆ ಬಿಡ್ತಿದ್ರು. ವಾಪಸ್ ಹೋಗುವಾಗ ನಾನು ಕರ್ಕೊಂಡು ಹೋಗ್ತೀನಿ ಅಂತಿದ್ದೆ. ನಾಲ್ಕು ಐದರ ಮಧ್ಯ ನಿಲ್ಲಿಸ್ತಿದ್ದೆ."

"ಏನನ್ನ?"

"ಲಿಫ್ಟನ್ನ. ಅಲ್ಲಿ ಯಾರೂ ಇರಲ್ವಲ್ಲ."

"ನಿಲ್ಲಿಸಿ?"

"ನಿಲ್ಲಿಸಿ ಏನು, ಎತ್ಕೊಂಡು ನಿಂತಿರ್ತಿದ್ದೆ. ನೀನು ಎಲ್ಲಾ ಗುಂಡೀನೂ ಒತ್ತುತ್ತಿದ್ದೆ. ಒಂದೂ ಕೆಲಸ ಮಾಡ್ತಿರ್ಲಿಲ್ಲ, ನಿನಗೆ ಅದೇ ನಗು. ಹತ್ತು ನಿಮಿಷ. ಅಷ್ಟರಲ್ಲಿ ಕೆಳಗಿನೋರು ಬಾಗಿಲು ಬಡಿಯೋಕೆ ಶುರು ಮಾಡೋರು." ಅವನ ಭುಜ ಒಮ್ಮೆ ಕುಣಿಯಿತು, ನಗುವೋ ಏನೋ. "ಮೂರು ಸಲ ಮೆಮೊ ಕೊಟ್ರು ನನಗೆ. ಈ ಊರಲ್ಲೇ ಅಷ್ಟು ಕೆಡೋ ಲಿಫ್ಟು ಇನ್ನೊಂದಿರ್ಲಿಲ್ಲ."

"ಯಾವಾಗ ಬಿಟ್ಟೆ?"

"ನೀನು ಶಾಲೆಗೆ ಸೇರಿದ ಮೇಲೆ. ಮಾತು ಜಾಸ್ತಿಯಾಯ್ತು ನಿನಗೆ. ಮನೇಲಿ ಹೇಳ್ಬಿಡ್ತೀಯ ಅನ್ನಿಸ್ತು."

ಕಮ್ಶಾತ್ ನೆನಪನ್ನು ತಡಕಿದಳು. ಒಂದು ಹಳದಿ ದೀಪ ಕಂಡಿತು, ಅದರ ಸುತ್ತ ಜಾಲರಿ. ಆದರೆ ಆ ದೀಪವನ್ನು ತಾನು ಈಗಷ್ಟೇ ಹಚ್ಚಿದೆನೇನೋ. ಆರು ವರ್ಷ ಇಲ್ಲದ್ದನ್ನೆಲ್ಲ ಕಟ್ಟಿದ ತಲೆ. ಯಾವ ಜಾಲರಿ ಬೇಕಾದರೂ ನೇಯ್ದು ಕೊಡುತ್ತದೆ. ಅವಳು ಎದ್ದಳು, ಕಿಟಕಿಗೆ ಹೋದಳು, ಮತ್ತೆ ಡಬ್ಬದ ಮೇಲೆ ಕೂತಳು.

"ಆ ನಿನ್ನ ಮನುಷ್ಯನಿಗೆ," ಎಂದ ಬೆಕ್ತಾಸ್, ಈಗ ಅವಳ ಕಡೆ ತಿರುಗಿ, "ಒಂದು ಕೆಲಸ ಕೊಡು. ಕೆಲಸ ಇಲ್ದೆ ಅಷ್ಟು ವರ್ಷ ಹೇಗೆ ಇರ್ತಾನೆ. ಆ ಮಗು ಇರೋ ಕಡೆಗೇ ಹೋಗಿ ಬರೋ ಅಂಥ ಕೆಲಸ."

"ಹೆಸರೇನು ಇಡ್ಲಿ?"

"ನಾನು ಯಾರಿಗೂ ಹೆಸರಿಟ್ಟು ಗೊತ್ತಿಲ್ಲ. ನಿನಗೂ ಅಪ್ಪನೇ ಇಟ್ಟಿದ್ದು." ಅವನು ಯೋಚಿಸಿದ. "ಯಾರೂ ತಿರುಗಿ ನೋಡದಂಥದ್ದು ಇಡು."

*

ಭಾನುವಾರ ಬೆಳಗಾಗುವಷ್ಟರಲ್ಲಿ ಅವಳಿಗೆ ಗೊತ್ತಾಗಿತ್ತು. ಹದಿನೆಂಟು ಫಾರಂಗಳಲ್ಲಿ ಒಂಬತ್ತು ಬಿರುಗಾಳಿ ಬೀಸಿದ್ದವು. ಕುಲದ ಮುಖಂಡರ ಗುಡಾರಗಳೇ ಹಾರಿಹೋಗಿದ್ದವು. ಐಝಾಳ ಗುಡಾರ ಒಮ್ಮೆಯೂ ಹಾರಿರಲಿಲ್ಲ. ಯಾಕೆಂದು ಅವಳು ಬರೆದಿರಲಿಲ್ಲ, ಯೋಚಿಸಿಯೂ ಇರಲಿಲ್ಲ. ನಾಯಕಿಯ ಗುಡಾರ ಹಾರುವುದಿಲ್ಲ, ಅಷ್ಟೆ. ಈಗ ಅವಳು ಒಂದು ಚೀಟಿ ತೆಗೆದು ಬರೆದಳು: ತಾಸೆನ್. ಬೀಡಿನ ಹಗ್ಗದವನು. ಗಾಳಿ ತಿರುಗುವ ಮುಂಚೆ ಗುಡಾರಗಳ ಗೂಟ ಬಡಿದು ಹಗ್ಗ ಬಿಗಿಯುವವನು. ಆ ಒಂದು ಗುಡಾರಕ್ಕೆ ಯಾವಾಗಲೂ ಎರಡು ಸುತ್ತು ಹೆಚ್ಚು.

ಆಮೇಲೆ ಕೈ ನಿಲ್ಲಲಿಲ್ಲ. ಕೊನೆಯ ಅಧ್ಯಾಯದಲ್ಲಿ ಮದುಮಗಳು ಕುಲದವರೆದುರು ತನ್ನ ಹಿರಿಯರನ್ನು ಎಣಿಸಬೇಕು. ಐಝಾ ಬೋರಿ ಎಂದು ಬಾಯಿ ತೆರೆದು, ನಿಲ್ಲಿಸಿ, ಗುಂಪಿನ ಹಿಂದೆ ಹಗ್ಗದ ಸುರುಳಿ ಹಿಡಿದು ನಿಂತವನನ್ನು ನೋಡಿ, ಅಪ್ಪ ತಾಸೆನ್ ಎಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ಹನ್ನೊಂದು ಪುಟವಾಯಿತು.

ಅಜೆ ಬಾಗಿಲಲ್ಲಿ ನಿಂತಿದ್ದುದು ಅವಳಿಗೆ ಗೊತ್ತೇ ಆಗಿರಲಿಲ್ಲ.

"ಬೆಕ್ತಾಸ್ ಹತ್ರ ಹೋಗಿದ್ಯಂತೆ."

"ಪುಸ್ತಕದ ಕೆಲಸಕ್ಕೆ."

"ಏನಂದ?"

"ಲಿಫ್ಟಿನ ವಿಷಯ ಹೇಳ್ದ."

ಅಜೆ ಕುರ್ಚಿಯ ಮೇಲಿದ್ದ ಚೀಟಿಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತಳು. "ನಿನ್ನ ಫ್ರಾಕಿನ ಬೆನ್ನಿಗೆ ಗ್ರೀಸಿನ ಅಂಗೈ ಮೂಡಿರ್ತಿತ್ತು. ಸೀಮೆಎಣ್ಣೆ ಹಚ್ಚಿ ಉಜ್ಜಿದ್ರೂ ಹೋಗ್ತಿರ್ಲಿಲ್ಲ. ನಿಮ್ಮಪ್ಪನಿಗೆ ಕಾಣದ ಹಾಗೆ ಒಗೀತಿದ್ದೆ."

"ನಿನಗೆ ಗೊತ್ತಿತ್ತಾ?"

"ಎರಡು ವರ್ಷ ಒಗೆದಿದೀನಿ." ಅವಳು ಚೀಟಿಗಳ ಅಂಚನ್ನು ಸರಿಮಾಡಿದಳು, ಓದಲು ಬರುವವಳ ಹಾಗೆ. "ಈಗ ಅವನನ್ನ ಏನಂತ ಕರೀತೀಯ?"

"ಅಗಾ ಅಂತ. ಇನ್ನೇನಂತ?"

"ಹೂಂ." ಅಜೆಗೆ ನಂಬಿಕೆ ಬರಲಿಲ್ಲ. "ಪುಸ್ತಕದಲ್ಲಿ ಎಷ್ಟು ತಲೆ ಬೇಕಾದ್ರೂ ಸೇರಿಸ್ಕೋ. ಎಂಟು ಮಾಡ್ಕೋ, ಹತ್ತು ಮಾಡ್ಕೋ. ನನ್ನ ಮಡಿಲು ಮಾತ್ರ ಖಾಲಿ ಮಾಡ್ಬೇಡ. ಈ ವಯಸ್ಸಲ್ಲಿ ನಾನು ಬರೀ ಅಜ್ಜಿಯಾಗಲಾರೆ."

ಅಜೆ ಎದ್ದು, ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಹೊರಟುಹೋದಳು. ಒಲೆಯ ಮೇಲೆ ಹಾಲೇನೂ ಇರಲಿಲ್ಲ.

*

ಸೋಮವಾರ ಬೆಳಿಗ್ಗೆ ಏಳೂವರೆಗೆ ಸೇಯ್ತ್‌ಕಾಲಿ ಹನ್ನೊಂದು ಪುಟ ಓದಿ, ಎರಡು ಕಡೆ ಅಲ್ಪವಿರಾಮ ಹಾಕಿ, ಹೊಸ ವಂಶವೃಕ್ಷವನ್ನು ಹರಡಿಕೊಂಡರು. ಬೆರಳು ಮಡಚಿದರು. ತಾಸೆನ್, ಬೋರಿ, ಸಾನಾಕ್, ಒತೇನ್. ಎಂಟನೆಯ ಬೆರಳಿಗೆ ಕೆರ್ಬೆಸ್ ಬಂದ.

"ಸರಿಹೋಯ್ತು. ಮದುವೆ ಆಗಬಹುದು." ಅವರು ಪೆನ್ಸಿಲನ್ನು ಆ ಹೊಸ ಹೆಸರಿನ ಮೇಲಿಟ್ಟರು. "ಇವನು ಎಲ್ಲಿದ್ದ ಇಷ್ಟು ದಿನ?"

"ಅಲ್ಲೇ ಇದ್ದ ಮಾವ."

"ಅಲ್ಲೇ ಇರೋನು ನನ್ನ ಕಣ್ಣಿಗೂ ಬೀಳಲಿಲ್ಲ ನೋಡು," ಎಂದರು ಅವರು, ತುಸು ಬೇಸರದಿಂದಲೇ.

ಬಾಟೀಮಾ ಇನ್ನೊಂದು ಹಾಳೆ ತಂದು ಮುಂದಿಟ್ಟಳು. ಶೀರ್ಷಿಕೆಯ ಪುಟ. "ಇದೂ ಕೊನೆ ಫಾರಂ ಜೊತೆ ಹೋಗತ್ತೆ. ನಿನ್ನ ಹೆಸರು ಒಂದ್ಸಲ ನೋಡ್ಬಿಡು."

ಕಮ್ಶಾತ್, ಮೂಸಾಖಾನನ ಮಗಳು ಎಂದಿತ್ತು. ಅವಳ ಗುರುತಿನ ಚೀಟಿಯಲ್ಲಿ, ಶಾಲೆಯ ಹಾಜರಿಯಲ್ಲಿ, ಎಲ್ಲ ಕಡೆ ಇದ್ದ ಹಾಗೆ.

ಪೆನ್ಸಿಲು ಅವಳ ಕೈಯಲ್ಲಿತ್ತು. ಕೆಳಗೆ ಯಂತ್ರಕ್ಕೆ ಕಾಗದ ಹಾಕುತ್ತಿದ್ದ ಸದ್ದು ಕೇಳುತ್ತಿತ್ತು. ಅಲ್ಕೆನ್‌ನಲ್ಲಿ ಇದು ಹನ್ನೊಂದು ಪುಟದಲ್ಲಿ ಮುಗಿದ ಕೆಲಸ. ಇಲ್ಲಿ ಒಂದು ಪದ ಹೊಡೆದು ಒಂದು ಪದ ಬರೆದರೆ ಆಯಿತು. ಆದರೆ ಬರೆದ ಹೆಸರಿನ ಕೆಳಗೆ ಒಬ್ಬಳು ಮುದುಕಿ ಖಾಲಿ ಮಡಿಲಿನಲ್ಲಿ ಕೂತಿರುತ್ತಾಳೆ. ಬರೆಯದಿದ್ದರೆ, ಒಂಬತ್ತನೇ ಮಹಡಿಯ ಮೇಲೆ ಒಬ್ಬ ಬೆರಳು ಒರೆಸಿಕೊಳ್ಳುತ್ತಿರುತ್ತಾನೆ. ಇಬ್ಬರಿಗೂ ಜಾಗವಿರುವ ಪುಟ ಅದಾಗಿರಲಿಲ್ಲ.

"ಏನು, ತಪ್ಪಿದೆಯಾ?" ಎಂದಳು ಬಾಟೀಮಾ. "ಗಂಟೆ ಎಂಟಾಯ್ತು ಕಣೇ."

"ಹಾಗೇ ಇರ್ಲಿ," ಎಂದಳು ಕಮ್ಶಾತ್.

ಹಾಳೆ ಕೆಳಗೆ ಹೋಯಿತು. ಅವಳು ಅಂಗಳಕ್ಕೆ ಬಂದು ನಿಂತಳು. ಮನೆಗೆ ಹೋಗುವ ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಹತ್ತಲಿಲ್ಲ. ಯಂತ್ರ ಓಡಿ ಮೇಲಿನ ಕಿಟಕಿಯ ಗಾಜು ಅದುರತೊಡಗಿದಾಗ ಫೋನು ತೆಗೆದಳು.

"ಅಗಾ, ಅಚ್ಚು ಶುರುವಾಯ್ತು."

"ಒಳ್ಳೇದಾಯ್ತು. ಆ ಮನುಷ್ಯನಿಗೆ ಕೆಲಸ ಕೊಟ್ಯಾ?"

"ಕೊಟ್ಟೆ. ಹಗ್ಗ ಕಟ್ತಾನೆ."

"ಹಗ್ಗ." ಅವನು ಅದನ್ನು ತೂಗಿ ನೋಡಿದ. ಹಿಂದೆ ಯಾರೋ ಅವನನ್ನು ಕರೆಯುತ್ತಿದ್ದರು, ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳಲಾರದೆ ಮತ್ತೆ ಮತ್ತೆ ಬಡಿಯುತ್ತಿತ್ತು. "ಹಗ್ಗ ಒಳ್ಳೇ ಕೆಲಸಾನೇ. ಬೇರೆ ಏನಾದ್ರೂ?"

ಇತ್ತು. ಒಂದೇ ಒಂದು ಪದ. ನಿನ್ನೆ ಐಝಾಳ ಬಾಯಲ್ಲಿ ಎಷ್ಟು ಸಲೀಸಾಗಿ ಬಂದಿತ್ತು. ಕಮ್ಶಾತ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಅಂಗಳದ ಆ ತುದಿಯವರೆಗೆ ನಡೆದು, ತಿರುಗಿ ಬಂದಳು.

"ಅಗಾ," ಎಂದಳು, ಮತ್ತೆ.

"ಹೇಳು," ಎಂದ ಅವನು. ಕರೆಯುತ್ತಿದ್ದವರಿಗೆ ಸ್ವಲ್ಪ ತಡೆಯಿರಿ ಎಂದು ಹೇಳಿದ್ದು ಫೋನಿನಲ್ಲಿ ಕೇಳಿಸಿತು.